ನೀಲಿ ಚಪ್ಪಲಿ ಮತ್ತು ಇದ್ದಿಲ ಡಬ್ಬಿ

ನನ್ನ ಭಾವ ತಲೆಯ ಮೇಲೆ ಟವೆಲು ಹೊದ್ದು, ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿ ಹಬೆ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಸಣ್ಣ ಮೇಸ್ತ್ರಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಸ್ಪ್ಯಾನರು, ಕಣ್ಣಲ್ಲಿ ನೀರು. ಬೆರಳ ಮೇಲೆ ಬಾನೆಟ್ಟು ಬಿದ್ದಾಗಲೂ ಅಳದವಳು ಅವಳು.

"ಅಣ್ಣಾ, ಡಬ್ಬಿ ಕಳುವಾಯ್ತು!"

"ಕಳುವಾಯ್ತೋ, ಕಾಣಿಸ್ತಿಲ್ವೋ?" ಟವೆಲಿನೊಳಗಿಂದ ಪ್ರಶ್ನೆ ಬಂತು.

ಭಾವ ನಿವೃತ್ತಿಯಾಗುವ ತನಕ ರೈಲ್ವೆಯ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿದ್ದವರು. ಅಲ್ಲಿನ ಧೂಳು ಅವರಿಗೆ ಬಿಡದ ನೆಗಡಿಯನ್ನೂ, ಕಳುವಾಯಿತೆಂದು ಬಾಯಿ ಬಡಿದುಕೊಳ್ಳುವವರನ್ನು ತಕ್ಷಣ ನಂಬದ ಬುದ್ಧಿಯನ್ನೂ ಕೊಟ್ಟಿತ್ತು. ಬೀದಿಯಲ್ಲಿ ಉಂಗುರ ಕಳೆದರೂ ಬೆಕ್ಕು ಕಳೆದರೂ ಜನ ಪೊಲೀಸರಿಗಿಂತ ಮುಂಚೆ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ನೆಗಡಿಯ ದೆಸೆಯಿಂದ ಭಾವನ ಮೂಗು ಮುಖಕ್ಕೆ ಅಲಂಕಾರವಷ್ಟೇ ಆಗಿತ್ತು. ವಾಸನೆ ನೋಡುವ ಕೆಲಸ ನನ್ನದು. ನಾನು ಸೋಪಿನ ಅಂಗಡಿ ಇಟ್ಟವನು. ಕಣ್ಣು ಕಟ್ಟಿದರೂ ಯಾವ ಸೋಪು ಯಾವುದೆಂದು ಹೇಳಬಲ್ಲೆ. ನನ್ನ ಅಕ್ಕ "ಅದು ನಾಯಿಗೂ ಬರುತ್ತೆ" ಅನ್ನುತ್ತಾಳೆ. ಅವಳಿಗೆ ಕಲೆಯ ಬೆಲೆ ಗೊತ್ತಿಲ್ಲ.

ನಾವಿದ್ದದ್ದು ದೊಡ್ಡ ಮೇಸ್ತ್ರಿಯ ಗ್ಯಾರೇಜಿನ ಮೇಲಿನ ಮನೆಯಲ್ಲಿ. ಅವರ ಮಗ ಬ್ಯಾಂಕಿನಲ್ಲಿದ್ದ. ಅವನು ಸ್ಪ್ಯಾನರು ಹಿಡಿದರೆ ಸ್ಪ್ಯಾನರಿಗೇ ನೋವಾಗುತ್ತಿತ್ತು. ಕೆಲಸ ಕಲಿತವಳು ಸೊಸೆ. ಬೀದಿಯೆಲ್ಲ ಅವಳನ್ನು ಸಣ್ಣ ಮೇಸ್ತ್ರಿ ಎಂದೇ ಕರೆಯುತ್ತಿತ್ತು, ಮಾವನನ್ನು ಬಿಟ್ಟು.

ಡಬ್ಬಿ ಕಳುವಾದ ಕಾರು ಹಲ್ಲಿನ ಡಾಕ್ಟರದು, ಟರ್ಬೊ ಇರುವಂಥದ್ದು. ಟರ್ಬೊ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುರುಕುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಮಾಡಿ ಒಳಗೆ ಕಳಿಸುವ ಜಾಲರಿಗೆ ಇಂಟರ್‌ಕೂಲರ್ ಎಂದು ಹೆಸರು. ಕಂಪನಿ ಕೊಟ್ಟದ್ದು ಸಾಲದೆಂದು ಡಾಕ್ಟರು ಹೊರಗಿನಿಂದ ಕಿಟಕಿಯಷ್ಟಗಲದ್ದೊಂದನ್ನು ತಂದಿದ್ದರು. ಅದು ಕೂರಬೇಕಾದಲ್ಲಿ ಇದ್ದಿಲ ಡಬ್ಬಿ ಕೂತಿತ್ತು. ಪೆಟ್ರೋಲ್ ಟ್ಯಾಂಕಿನಿಂದ ಏಳುವ ಆವಿಯನ್ನು ಬೀದಿಗೆ ಬಿಡದೆ ಹೀರಿಕೊಂಡು, ಆಮೇಲೆ ಇಂಜಿನ್ನಿಗೇ ಉಣಿಸುವ ಕಪ್ಪು ಡಬ್ಬಿ ಅದು. ಅದಿಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲು.

"ಅಡ್ಡ ಬಂದಿದ್ದನ್ನ ಕಿತ್ತು ಬಿಸಾಕು" ಎಂಬುದು ದೊಡ್ಡ ಮೇಸ್ತ್ರಿಯ ಜೀವಮಾನದ ಉಪದೇಶ. ಸೊಸೆ ಒಪ್ಪಲಿಲ್ಲ. "ಆ ಗಾಳಿ ಕುಡಿಯೋರು ನಾವೇ ತಾನೆ, ಮಾವ? ಜಾಗ ಮಾಡ್ತೀನಿ, ಬಿಸಾಕಲ್ಲ" ಅಂದಳು. ಮಾತಿಗೆ ಮಾತು ಬೆಳೆದು ಮಾವ ಬೀದಿಯವರ ಮುಂದೆಯೇ ಪಂಥ ಕಟ್ಟಿದರು. "ಒಂದು ಸಾಮಾನೂ ಹೊರಗೆ ಹಾಕದೆ ಇದನ್ನ ಕೂರಿಸಿ ಪಾಸ್ ಮಾಡಿಸು, ಗ್ಯಾರೇಜಿನ ಬೀಗದ ಕೈ ನಿಂದು. ಆಗ್ಲಿಲ್ಲ ಅಂದ್ರೆ ಷೆಡ್ಡನ್ನ ಸೋಫಾ ಅಂಗಡಿಯವನಿಗೆ ಗೋಡೌನಿಗೆ ಕೊಡ್ತೀನಿ."

ಅವಳು ಹಾರ್ನನ್ನು ಸರಿಸಿದಳು, ಪೈಪು ಬಗ್ಗಿಸಿದಳು, ಇದ್ದಿಲ ಡಬ್ಬಿಯನ್ನು ಬಂಪರಿನ ಎಡಮೂಲೆಯಲ್ಲಿ, ಚಕ್ರದ ಮಗ್ಗುಲಿಗೆ ಕೂರಿಸಿದಳು. ಹಿಂದಿನ ಸಂಜೆ ಕೆಲಸ ಮುಗಿಯಿತು. ಡಾಕ್ಟರು ಖುಷಿಯಲ್ಲಿ ಒಂದು ಸುತ್ತು ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದರು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಗಾಡಿಯನ್ನು ಷೆಡ್ಡಿಗೆ ಹಿಂದಕ್ಕೆ ತೆಗೆದುಕೊಳ್ಳುವಾಗ ಕರಕರ ಸದ್ದಾದದ್ದನ್ನು ನಾನು ಮೇಲಿನಿಂದಲೇ ಕೇಳಿದೆ. ಎಲ್ಲರೂ ಗೇಟಿನ ತುಕ್ಕನ್ನು ಬೈದರು. ದೊಡ್ಡ ಮೇಸ್ತ್ರಿ ಮಾತ್ರ ಗೇಟಿನ ಕಡೆ ನೋಡಲೇ ಇಲ್ಲ. ಆಮೇಲೆ ಷೆಡ್ಡಿಗೆ ಬೀಗ ಬಿತ್ತು, ಕೀಲಿಕೈ ಅವರ ಅಡುಗೆಮನೆಯ ಮೊಳೆಗೆ ಹೋಯಿತು.

"ಬೆಳಿಗ್ಗೆ ಬಂದು ನೋಡಿದ್ರೆ ಮೂಲೆ ಖಾಲಿ. ಡಬ್ಬೀನೂ ಇಲ್ಲ, ಪೈಪೂ ಇಲ್ಲ" ಎಂದಳು ಸಣ್ಣ ಮೇಸ್ತ್ರಿ. "ಮಧ್ಯಾಹ್ನ ತಪಾಸಣೆ. ಇನ್ನೊಂದು ಎಲ್ಲೂ ಸಿಗ್ತಿಲ್ಲ. ಬೀಗ ಹಾಗೇ ಇದೆ, ಅಣ್ಣಾ!"

ಅದೇ ಹೊತ್ತಿಗೆ ಕೆಳಗಿನಿಂದ ಅವಳ ಅತ್ತೆಯ ಕೂಗು ಕೇಳಿಸಿತು. "ನನ್ನ ಬಚ್ಚಲ ಚಪ್ಪಲಿ ಯಾರೇ ತಗೊಂಡಿದ್ದು? ಒಂದೇ ಇದೆ! ಒಂಟಿಕಾಲಲ್ಲಿ ಕುಂಟ್ಕೊಂಡು ಹೋಗ್ಲಾ?"

ಭಾವ ಟವೆಲು ಕಿತ್ತೆಸೆದು ಎದ್ದರು. "ಯಾವ ಬಣ್ಣ?"

"ಡಬ್ಬಿ ಕಪ್ಪು, ಭಾವ" ಎಂದೆ.

"ಡಬ್ಬಿ ಯಾರು ಕೇಳಿದ್ರೋ? ಚಪ್ಪಲಿ!"

ಚಪ್ಪಲಿ ನೀಲಿ, ರಬ್ಬರಿನದು. ಒಂದು ಹೆಣ್ಣುಮಗಳ ಬದುಕು ಬೀದಿಗೆ ಬೀಳುವ ಹೊತ್ತಿನಲ್ಲಿ ಈ ಮನುಷ್ಯ ಬಚ್ಚಲ ಚಪ್ಪಲಿಯ ಬಣ್ಣ ಕೇಳುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಕೆಳಗಿಳಿದು ಹೋದಾಗ ಷೆಡ್ಡಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಡಬ್ಬಿ ಕಾಣದಿದ್ದದ್ದೇ ತಡ, ಸಣ್ಣ ಮೇಸ್ತ್ರಿ ಬಾಗಿಲು ಎಳೆದುಕೊಂಡು ಮೇಲಕ್ಕೆ ಓಡಿ ಬಂದಿದ್ದಳಂತೆ. ಭಾವ ನನ್ನನ್ನು ಮುಂದೆ ತಳ್ಳಿದರು. "ಏನು ವಾಸನೆ ಬರ್ತಿದೆ, ಒಂದೂ ಬಿಡದೆ ಹೇಳು."

ನಾನು ಕಣ್ಣು ಮುಚ್ಚಿ ಎಳೆದುಕೊಂಡೆ. "ಗ್ರೀಸು. ಟೈರು. ಹಳೇ ಚಹಾ. ಹೊಸದಾಗಿ ಕೊಯ್ದ ರಬ್ಬರು. ನನ್ನ ಕೈಯ ಗುಲಾಬಿ ಸೋಪು."

"ಪೆಟ್ರೋಲು?"

"ಎಳ್ಳಷ್ಟೂ ಇಲ್ಲ. ಮುಖ್ಯವಾದ್ದು ಏನೂ ಇಲ್ಲ ಭಾವ."

ಭಾವ ಸಂತೋಷದಿಂದ ಸೀನಿದರು. ಆಮೇಲೆ ಮುಂದಿನ ಎಡ ಟೈರನ್ನು ಸವರಿದರು. ಅದರ ಒಳಅಂಚಿನಲ್ಲಿ ಹೊಸದಾಗಿ ಉಜ್ಜಿದ ಗೆರೆಯೊಂದಿತ್ತು. ಹಿಂದಕ್ಕೆ ಹೋದರು. ಗಾಡಿಯ ಮೈಯೆಲ್ಲ ಧೂಳು, ಹಿಂದಿನ ಎಡಚಕ್ರದ ಮೇಲಿನ ಕಮಾನು ಮಾತ್ರ ಒರೆಸಿಟ್ಟಂತಿತ್ತು. ಮುಖ ತೊಳೆಯದೆ ಒಂದು ಕಿವಿ ಮಾತ್ರ ತೊಳೆದುಕೊಂಡ ಹಾಗೆ. ಅದರ ಕೆಳಗೆ ನೆಲದ ಮೇಲೆ ನೀಲಿ ಚೂರುಗಳು ಬಿದ್ದಿದ್ದವು. ಸಣ್ಣ ಮೇಸ್ತ್ರಿ ಬಗ್ಗಿ ನೋಡಲು ಬಂದಳು.

"ಗಾಡಿಗೆ ಯಾರೂ ಕೈ ಹಚ್ಚಬೇಡಿ" ಎಂದರು ಭಾವ. "ನೀನು ಹೋಗಿ ಮುಖ ತೊಳ್ಕೊಂಡು, ಏನಾದ್ರೂ ತಿಂದು ಬಾ ಮಗಾ. ಹೊರಡೋದಕ್ಕೆ ಮುಂಚೆ ಎಲ್ರನ್ನೂ ಇಲ್ಲಿಗೆ ಸೇರಿಸು."

ನನಗಂತೂ ಕಳ್ಳ ಯಾರೆಂದು ಆಗಲೇ ಗೊತ್ತಾಗಿತ್ತು. ಎದುರು ಗ್ಯಾರೇಜಿನ ಮೀಸೆ! ಈ ಕೆಲಸ ತನಗೆ ಬರಬೇಕಿತ್ತೆಂದು ಅವನು ಎರಡು ವಾರದಿಂದ ಉರಿದುಕೊಳ್ಳುತ್ತಿದ್ದ. ಹೋಗಿ ನೇರವಾಗಿ ಕೇಳಿಯೇಬಿಟ್ಟೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂಥಾ ಡಬ್ಬೀನ ನಾನೇ ಕಿತ್ತು ಗುಜರಿಗೆ ಹಾಕ್ತೀನಿ ಸ್ವಾಮಿ! ಕದ್ದು ಏನ್ ಮಾಡ್ಲಿ, ಮೀಸೆಗೆ ಕಪ್ಪು ಹಚ್ಕೊಳ್ಳಾ?"

ಹಲ್ಲಿನ ಡಾಕ್ಟರು ಇನ್ನೂ ವಿಚಿತ್ರ. ಡಬ್ಬಿ ಹೋದರೆ ಗಾಡಿ ಹಗುರಾಗಿ ಇನ್ನೂ ಜೋರಾಗಿ ಓಡುತ್ತದೆಂದು ಮೀಸೆ ಅವರ ಕಿವಿ ಊದಿದ್ದನಂತೆ. "ಆಸೆ ಆಗಿತ್ತು, ಸುಳ್ಳು ಹೇಳಲ್ಲ" ಎಂದರು. "ಆದ್ರೆ ನಂಗೆ ಹಲ್ಲು ಬಿಟ್ರೆ ಬೇರೇನೂ ಕೀಳೋಕೆ ಬರಲ್ಲ."

ದೊಡ್ಡ ಮೇಸ್ತ್ರಿ ಅಂಗಳದಲ್ಲಿ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಆ ಸ್ಟೂಲಿನ ಕಾಲುಗಳಿಗೆ ಹಳೆ ಟ್ಯೂಬಿನ ರಬ್ಬರು, ಮನೆಯ ಬಾಗಿಲಿಗೆ ರಬ್ಬರಿನ ಬಿರಡೆ, ಹೆಂಡತಿಯ ಮಿಕ್ಸಿಯ ಕೆಳಗೂ ರಬ್ಬರು. ಅಲುಗಾಡುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಂಥ ಗೆಲ್ಲುತ್ತಿರುವ ಮನುಷ್ಯನ ಮುಖ ಅರಳಬೇಕಲ್ಲ? ಹರಳೆಣ್ಣೆ ಕುಡಿದವರಂತೆ ಕೂತಿದ್ದರು. ಬಲಗೈ ತೊಡೆಯ ಮೇಲೆ, ಚಹಾದ ಲೋಟ ಎಡಗೈಯಲ್ಲಿ.

"ಬೆಳಿಗ್ಗೆ ವಾಕಿಂಗ್ ಆಯ್ತಾ, ಮೇಸ್ತ್ರಿಗಳೇ?" ಎಂದು ಭಾವ ಕೇಳಿದರು.

"ಆಯ್ತು."

"ಕೋಲು ಬಾಗಿಲ ಹಿಂದೇನೇ ಇದೆಯಲ್ಲ?"

"ಇವತ್ತು ಬೇಡ ಅನ್ನಿಸ್ತು" ಎಂದು ಅವರು ಲೋಟದೊಳಗೆ ನೋಡಿದರು.

ಹೊರಡುವ ಹೊತ್ತಿಗೆ ಎಲ್ಲರೂ ಷೆಡ್ಡಿನಲ್ಲಿ ಸೇರಿದರು. ಅತ್ತೆ ಉಳಿದ ಒಂಟಿ ಚಪ್ಪಲಿಯನ್ನು ಸಾಕ್ಷಿಯಂತೆ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಕರೆಯದಿದ್ದರೂ ಮೀಸೆ ಬಂದ. ಸಣ್ಣ ಮೇಸ್ತ್ರಿ ಗೋಡೆಗೊರಗಿ ನಿಂತಿದ್ದಳು. ತನ್ನ ಸ್ಪ್ಯಾನರುಗಳನ್ನೆಲ್ಲ ಒರೆಸಿ, ಪೆಟ್ಟಿಗೆಗೆ ತುಂಬಿ ಮುಚ್ಚಿಟ್ಟಿದ್ದಳು.

ಭಾವ ಕರವಸ್ತ್ರ ಮಡಚಿ ಶುರುಮಾಡಿದರು.

"ಬೀಗ ಒಡೆದಿಲ್ಲ. ಅಂದ್ರೆ ಅಡುಗೆಮನೆ ಮೊಳೆಯಿಂದ ಕೀಲಿಕೈ ತಗೊಂಡೋರು. ಮೀಸೆ, ನೀನು ಬಚಾವು. ಡಾಕ್ಟರೇ, ನೀವೂ ಬಚಾವು. ಇನ್ನು ಮನೆಯೋರು. ಮಗನ ಕೈಲಿ ಬಾಟ್ಲಿ ಮುಚ್ಚಳಾನೂ ಬಿಚ್ಚೋಕಾಗಲ್ಲ."

"ಅದು ನಿಜ" ಎಂದರು ಅವನ ತಾಯಿ.

"ಟ್ಯಾಂಕ್ ತುಂಬಿದೆ, ಷೆಡ್ಡು ರಾತ್ರಿಯೆಲ್ಲ ಮುಚ್ಚಿದೆ. ಡಬ್ಬಿ ಕಿತ್ಕೊಂಡು ಹೋಗಿದ್ರೆ ಪೈಪಿನ ಬಾಯಿಂದ ಆವಿ ಬಂದು ಇಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೀಬೇಕಿತ್ತು. ನಮ್ಮ ಭಾವಮೈದನ ಮೂಗು ಎಳ್ಳಷ್ಟೂ ಇಲ್ಲ ಅಂತು. ಅಂದ್ರೆ ಆವಿಯನ್ನ ಯಾರೋ ಈಗಲೂ ಹೀರ್ಕೊಳ್ತಿದಾರೆ. ಆ ಡಬ್ಬಿ ಎಲ್ಲೂ ಹೋಗಿಲ್ಲ, ಈ ಗಾಡಿಯಲ್ಲೇ ಕೂತು ಕೆಲಸ ಮಾಡ್ತಿದೆ!"

ಸಣ್ಣ ಮೇಸ್ತ್ರಿ ಗೋಡೆ ಬಿಟ್ಟು ಮುಂದೆ ಬಂದಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು ನಿನ್ನ ಕತೆ, ಮಗಾ. ಈಗ ಚಪ್ಪಲಿ. ಹಿಂದಿನ ಚಕ್ರದ ಕೆಳಗಿರೋ ನೀಲಿ ಚೂರು ನೋಡಿ, ಅದನ್ನ ಮೆತ್ತೆಗೆ ಅಂತ ಕೊಯ್ದಿದಾರೆ. ಕಳ್ಳನಿಗೆ ಡಬ್ಬಿ ಸಾಕು. ರಬ್ಬರಿನ ಮೆತ್ತೆ ಯಾಕೆ ಬೇಕು? ಅದು ಕದಿಯೋನ ಬುದ್ಧಿಯಲ್ಲ, ಕೂರಿಸೋನ ಬುದ್ಧಿ. ಅಲುಗಾಡಬಾರದು ಅಂತ ಸ್ಟೂಲಿನ ಕಾಲಿಗೂ ಮಿಕ್ಸಿಗೂ ರಬ್ಬರ್ ಕೊಡೋ ಮನುಷ್ಯನ ಬುದ್ಧಿ. ಹಿಂದಿನ ಚಕ್ರದ ಕೆಳಗೆ ಮಲಗಿ, ಕೈ ಮೇಲೆತ್ತಿ ಬೋಲ್ಟ್ ಬಿಗಿದು ಭುಜ ಹಿಡ್ಕೊಂಡು, ಎಡಗೈಲಿ ಚಹಾ ಕುಡಿಯೋ ಮನುಷ್ಯ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ದೊಡ್ಡ ಮೇಸ್ತ್ರಿ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸಣ್ಣ ಮೇಸ್ತ್ರಿ ಆಗಲೇ ನೆಲದ ಮೇಲೆ ಮಲಗಿ ಹಿಂದಿನ ಕಮಾನಿನೊಳಗೆ ಟಾರ್ಚು ಬಿಟ್ಟಿದ್ದಳು. "ಇಲ್ಲಿದೆ!" ಎಂದು ಕಿರುಚಿದಳು. "ಟ್ಯಾಂಕಿನ ಪಕ್ಕದಲ್ಲೇ! ಗಾಡಿ ತಳದಲ್ಲಿ ಮುಂದಕ್ಕೆ ಹೋಗೋ ಹಳೇ ಪೈಪನ್ನೇ ಇಂಜಿನ್ನಿಗೆ ಸೇರಿಸಿದಾರೆ. ಅದಕ್ಕೇ ಮುಂದೆ ಏನೂ ಕಾಣ್ಲಿಲ್ಲ. ಕೆಳಗೆ... ಅತ್ತೇ, ನಿಮ್ಮ ಚಪ್ಪಲಿ!"

"ಅಯ್ಯೋ ನಿಮ್ಮ ಮನೆ ಕಾಯ್ವಾಗ!" ಎಂದು ಅತ್ತೆ ಗಂಡನ ಕಡೆ ತಿರುಗಿದರು.

"ನಿನ್ನೆ ಆ ಕರಕರ ಸದ್ದು" ಎಂದು ದೊಡ್ಡ ಮೇಸ್ತ್ರಿ ಕೊನೆಗೂ ಬಾಯಿ ಬಿಟ್ಟರು. "ಗೇಟಲ್ಲ ಅದು. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಟೈರು ಡಬ್ಬಿಗೆ ಉಜ್ಜುತ್ತಿತ್ತು. ಪಾಸೇನೋ ಆಗ್ತಿತ್ತು, ತಿಂಗಳೊಳಗೆ ಡಬ್ಬಿ ತೂತಾಗ್ತಿತ್ತು. ಅದು ಗೊತ್ತಿದ್ದೂ ಹೆಂಗೆ ಮಲಗಲಿ? ಬೆಳಗಾಗ್ತಿದ್ದಂಗೆ ಬಂದು ಸರಿ ಮಾಡ್ದೆ. ಹೇಳೋಣ ಅಂತ್ಲೇ ಇದ್ದೆ. ಸ್ನಾನ ಮಾಡಿ ಬರೋಷ್ಟರಲ್ಲಿ ಇವಳು ಪತ್ತೇದಾರರನ್ನೇ ಕರ್ಕೊಂಡು ಬಂದಿದ್ಲು, ಬೀದಿ ಜನ ಎಲ್ಲ ಸೇರಿದ್ರು. ಇಷ್ಟು ವರ್ಷ ಕಿತ್ತು ಬಿಸಾಕು ಅಂದೋನು, ನಾನೇ ಕೂರಿಸ್ದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಮೀಸೆ ನಗಲು ಬಾಯಿ ತೆರೆದ. ಅತ್ತೆಯ ಕೈಯಲ್ಲಿದ್ದ ಚಪ್ಪಲಿ ನೋಡಿ ಮುಚ್ಚಿದ.

ಸಣ್ಣ ಮೇಸ್ತ್ರಿ ಎದ್ದು ಬಟ್ಟೆ ಕೊಡವಿಕೊಂಡಳು. ಅವಳ ಮುಖ ಬಾಡಿತ್ತು. "ಹಂಗಾದ್ರೆ ನಾನು ಸೋತೆ, ಮಾವ. ನಾನು ಇಟ್ಟಿದ್ದ ಜಾಗ ತಪ್ಪು."

"ಪಂಥ ಏನಂತ ಕಟ್ಟಿದ್ದೆ? ಒಂದು ಸಾಮಾನೂ ಹೊರಗೆ ಹೋಗಬಾರದು, ಗಾಡಿ ಪಾಸಾಗಬೇಕು. ಯಾವ್ದಾದ್ರೂ ಹೊರಗೆ ಹೋಯ್ತಾ? ಒಂದು ಚಪ್ಪಲಿ ಒಳಗೇ ಬಂತು" ಎಂದು ಅವರು ಗದರಿದರು. "ಆ ಕಿಟಕಿಯಂಥಾ ಜಾಲರಿಗೆ ಜಾಗ ಮಾಡೋದು ನನ್ನ ಕೈಲಿ ಆಗ್ತಿರ್ಲಿಲ್ಲ. ನಾನು ಮಾಡಿದ್ದು ಡಬ್ಬಿ ಕೂರಿಸೋದಷ್ಟೆ. ನಡಿ, ಹೊತ್ತಾಯ್ತು."

ತಪಾಸಣೆಯ ಅಧಿಕಾರಿ ಗಾಡಿಯ ಸುತ್ತ ಸುತ್ತಿದರು, ಹೊಗೆ ನೋಡಿದರು, ಪೈಪುಗಳನ್ನು ಎಳೆದು ನೋಡಿದರು. ಕೊನೆಗೆ ಹಿಂದಿನ ಕಮಾನಿನೊಳಗೆ ಟಾರ್ಚು ಬಿಟ್ಟು ತುಂಬ ಹೊತ್ತು ಬಗ್ಗಿಯೇ ಇದ್ದರು.

"ಡಬ್ಬಿ ಗಟ್ಟಿಯಾಗಿ ಕೂತಿದೆ. ಈ ನೀಲಿ ಮೆತ್ತೆ ಕಂಪನಿಯದಾ?"

"ಅಲ್ಲ ಸಾರ್, ನನ್ನ ಹೆಂಡತೀದು" ಎಂದರು ದೊಡ್ಡ ಮೇಸ್ತ್ರಿ.

ಗಾಡಿ ಪಾಸಾಯಿತು. ಡಾಕ್ಟರು ಕುಣಿದಾಡುತ್ತ ನಮಗೆಲ್ಲ ಬಿಟ್ಟಿಯಾಗಿ ಹಲ್ಲು ಕೀಳುವುದಾಗಿ ಮಾತು ಕೊಟ್ಟರು. ನಾನು ಭಾವನನ್ನು ಪಕ್ಕಕ್ಕೆ ಕರೆದು, ಬೆಳಿಗ್ಗೆಯೇ ಗೊತ್ತಿದ್ದರೂ ಆ ಹುಡುಗಿಯನ್ನು ಯಾಕೆ ಅಷ್ಟು ಹೊತ್ತು ಅಳಿಸಿದಿರಿ ಎಂದು ಸಿಟ್ಟಿನಿಂದಲೇ ಕೇಳಿದೆ.

"ಆತನೇ ಬಾಯಿಬಿಡಲಿ ಅಂತ ಕಾದೆ ಕಣೋ. ನಾನು ಗುಟ್ಟಾಗಿ ಹೇಳಿದ್ರೆ ಡಬ್ಬಿ ಮಾತ್ರ ಸಿಗ್ತಿತ್ತು" ಎಂದು ಭಾವ ಸೀನಿದರು.

ಷೆಡ್ಡಿಗೆ ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಉಳಿದಿದ್ದ ಚಪ್ಪಲಿಯನ್ನು ಗಂಡನ ಕಾಲ ಬಳಿ ಎಸೆದು, "ಇದನ್ನೂ ಇಟ್ಕೊಳ್ಳಿ, ಒಂಟಿ ಚಪ್ಪಲಿ ಹಾಕ್ಕೊಂಡು ಕುಣೀಲಾ ನಾನು?" ಎಂದರು. ದೊಡ್ಡ ಮೇಸ್ತ್ರಿ ಅದನ್ನು ಎತ್ತಿಕೊಂಡು, ಬಗ್ಗಿಸಿ ನೋಡಿ, ಒಳ್ಳೆಯ ರಬ್ಬರೆಂದು ಮೆಚ್ಚಿ, ಎಂದಿನ ಅಭ್ಯಾಸದಂತೆ ತಮ್ಮ ಹಳೆಯ ಮರದ ಪೆಟ್ಟಿಗೆಗೆ ಹಾಕಲು ಹೊರಟರು.

"ಮಾವ" ಎಂದು ಸೊಸೆ ಕೈ ಚಾಚಿದಳು. "ಇನ್ಮೇಲೆ ಆ ಸಾಮಾನೂ ಷೆಡ್ಡಿಂದು."

ಅವರು ಒಂದು ಗಳಿಗೆ ಅವಳನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಚಪ್ಪಲಿಯ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಅವಳ ಕೈಗೆ ಕೊಟ್ಟರು.

"ತಗೋ" ಎಂದರು, "ಮೇಸ್ತ್ರಿ."