ತುಟಿ ಕಾಣದ ಶಾಟ್

ಆತ ನನ್ನನ್ನು ಮೊದಲ ಸಲ ನೋಡಿದಾಗ ನಾನು ಸಾಯುತ್ತಿದ್ದೆ. ಯಾವುದೋ ಸಿನಿಮಾದಲ್ಲಿ ನಾಯಕಿಯ ಕತ್ತು ಹಿಸುಕುತ್ತಿದ್ದರು. ಅವಳಿಗೆ ಧ್ವನಿ ಕೊಡುವ ನಾನು ಡಬ್ಬಿಂಗ್ ಕೋಣೆಯಲ್ಲಿ ನನ್ನ ಕತ್ತನ್ನು ನಾನೇ ಹಿಡಿದುಕೊಂಡು ಗೊರಗೊರ ಅನ್ನುತ್ತಿದ್ದೆ. ಬಾಗಿಲು ತಳ್ಳಿಕೊಂಡು ಒಳನುಗ್ಗಿದ ಅಪರಿಚಿತನೊಬ್ಬ ನನ್ನ ಬೆನ್ನಿಗೆ ದಬದಬನೆ ಗುದ್ದಿ, ನೀರಿನ ಬಾಟಲಿಯನ್ನು ಬಾಯಿಗೆ ಹಿಡಿದ. ನೀರು ಮೂಗಿಗೇರಿತು. ಚೆಂದದ ಟೇಕ್ ಒಂದು ಹಾಳಾಯಿತು.

ಗಾಜಿನ ಆಚೆ ನಮ್ಮ ಸೌಂಡ್ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತೇವೆ. ಯಾರ ಕೆಮ್ಮು ನಿಜ, ಯಾರದು ರಜೆ ಕೇಳುವ ಕೆಮ್ಮು ಎಂದು ಕಣ್ಣುಮುಚ್ಚಿ ಹೇಳಬಲ್ಲ ಮನುಷ್ಯ.

"ನೀವೇನು ಡಾಕ್ಟರಾ?" ಎಂದು ಮೂಗೊರೆಸಿಕೊಳ್ಳುತ್ತ ಕೇಳಿದೆ.

"ಡೈರೆಕ್ಟರ್." ಕಿವಿಯವರೆಗೂ ಕೆಂಪಾಗಿದ್ದ. "ನೀವು ಸಾಯೋದು ಬಹಳ ಚೆನ್ನಾಗಿದೆ. ನಮ್ಮ ಸಿನಿಮಾಕ್ಕೆ ಬರ್ತೀರಾ?"

ಹೋದೆ. ಅದೂ ಕೊಲೆಯ ಸಿನಿಮಾ. ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ತನ್ನ ಅಂಗಡಿಯಲ್ಲೇ ಸತ್ತು ಬಿದ್ದಿದ್ದಾನೆ. ಗೋಡೆಯ ಮೇಲಿನ ಗಡಿಯಾರಗಳೆಲ್ಲ ಮಾಯ, ಒಂದನ್ನು ಬಿಟ್ಟು. ಆ ಒಂದು ಪಕ್ಕದ ಕನ್ನಡಕದ ಅಂಗಡಿ ಹುಡುಗಿಯದು, ಅವಳೇ ನಾಯಕಿ. ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಅವಳನ್ನು ಅನುಮಾನಿಸುತ್ತ ಅನುಮಾನಿಸುತ್ತ ಪ್ರೀತಿಸತೊಡಗುತ್ತಾನೆ. ಮೊದಲ ಅರ್ಧವನ್ನು ನೋಡುತ್ತ ಕಿವಿಯಣ್ಣ ರೆಕಾರ್ಡ್ ಬಟನ್ ಒತ್ತುವುದನ್ನೇ ಮರೆತಿದ್ದ. ಅಷ್ಟು ಚೆನ್ನಾಗಿತ್ತು.

ಆದರೆ ಇಂಥ ಸಿನಿಮಾಗಳನ್ನು ನಾನು ನಂಬುವುದಿಲ್ಲ. ನನ್ನ ಕಸುಬಿನಲ್ಲಿ ಎಷ್ಟೋ ಸಲ ಸತ್ತಿದ್ದೇನೆ, ಎಷ್ಟೋ ಜನರನ್ನು ಕೊಂದಿದ್ದೇನೆ. ಎಲ್ಲ ಕಡೆಯೂ ಒಂದೇ ಹಣೆಬರಹ: ಇಂಟರ್ವಲ್ ತನಕ ಉಸಿರು ಬಿಗಿಹಿಡಿಸುತ್ತಾರೆ, ಕೊನೆಯ ರೀಲಿನಲ್ಲಿ ಕಿವಿಗೆ ಹೂ ಇಡುತ್ತಾರೆ. ಅವಳಿ ತಮ್ಮ ಎಲ್ಲಿಂದಲೋ ಉದುರುತ್ತಾನೆ, ಇಲ್ಲವೇ ಎಲ್ಲವೂ ಕನಸಾಗಿರುತ್ತದೆ. ನಿಮ್ಮ ಕೊಲೆಗಾರ ಯಾರು ಎಂದು ದಿನಾ ಪೀಡಿಸಿದೆ. ಆತ ಬಾಯಿ ಬಿಡಲಿಲ್ಲ. ಕೊನೆಯ ರೀಲಿನ ಹಾಳೆಗಳನ್ನು ಅದರ ಕೆಲಸದ ದಿನದ ತನಕ ಯಾರಿಗೂ ತೋರಿಸದಿರುವುದು ಆತನ ಪದ್ಧತಿಯಂತೆ. ಅವಳಿ ತಮ್ಮ ಮಾತ್ರ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದ.

ಡಬ್ಬಿಂಗ್ ಎಂದರೆ ಕತ್ತಲೆಯಲ್ಲಿ ಒಬ್ಬಳೇ ನಿಂತು ಬೇರೆಯವಳ ತುಟಿಗೆ ಮಾತು ಕೂರಿಸುವುದು. ಎದುರಿಗೆ ಪರದೆ, ಪಕ್ಕದಲ್ಲಿ ಗಾಜು, ಗಾಜಿನ ಆಚೆ ಆತ. ಆತ ಬಟನ್ ಒತ್ತಿ ಮಾತಾಡಿದರೆ ನನ್ನ ಹೆಡ್‌ಫೋನಿನಲ್ಲಿ, ಎರಡೂ ಕಿವಿಯ ನಡುವೆ, ಆತನ ದನಿ. ನಾಯಕಿಗೆ ನಮ್ಮ ಭಾಷೆ ಬಾರದು. ಶೂಟಿಂಗ್‌ನಲ್ಲಿ ಕಣ್ತುಂಬ ನೀರು ತಂದುಕೊಂಡು ಒಂದು ಎರಡು ಮೂರು ಎಂದು ಎಣಿಸಿದ್ದಳು. ಆ ಅಂಕಿಗಳ ಮೇಲೆ ನಾನು ವಿರಹ ಹಚ್ಚಬೇಕು. ನಡುವೆ ನಗು ತಡೆಯಲಾರದೆ ಗಾಜಿನತ್ತ ನೋಡಿದರೆ ಆತ ಮೊದಲೇ ನನ್ನನ್ನು ನೋಡುತ್ತಿರುತ್ತಿದ್ದ. ನಾನು ನೋಡಿದ ಕೂಡಲೇ ಇಲ್ಲದ ನೊಣವೊಂದನ್ನು ಓಡಿಸುತ್ತಿದ್ದ.

ಸಂಜೆ ಕಾಫಿಗೆ ಕರೆಯುತ್ತಿದ್ದ. ನನ್ನ ಗಂಟಲಿಗೆ ಬಿಸಿ ಕಡಿಮೆ ಇರಲಿ ಎಂದು ತಾನೇ ಆರಿಸಿ ಕೊಡುತ್ತಿದ್ದ. 'ಮೇಡಂ' ಹೋಗಿ 'ನೀನು' ಬಂತು. ನಾನು 'ನೀವು' ಬಿಡಲಿಲ್ಲ. ಆ 'ನೀವು' ಕೇಳುವುದಕ್ಕೇ ಕಾಫಿಯ ನೆಪ ಅನ್ನುತ್ತಿದ್ದ. ಮನೆಯಲ್ಲಿ ಅಕ್ಕ ನನ್ನ ಮುಖ ನೋಡಿಯೇ ಹಲ್ಲು ಕಿರಿಯುತ್ತಿದ್ದಳು. ಯಾರೇ ಆ ಪುಣ್ಯಾತ್ಮ ಎಂದು ಕೇಳಿದಳು, ಹೇಳಿದೆ. ನನಗೆ ಆತ ಬೇಕಾಗಿದ್ದ. ಇದರಲ್ಲಿ ಸುತ್ತಿ ಬಳಸಿ ಹೇಳುವಂಥದ್ದೇನೂ ಇಲ್ಲ.

ಆ ಶಾಟ್ ಬಂದದ್ದು ಆಗಲೇ. ನಾಯಕಿ ಇನ್ಸ್‌ಪೆಕ್ಟರನಿಗೆ ಪ್ರೀತಿ ಹೇಳಬೇಕು. ಕ್ಯಾಮೆರಾ ಅವಳ ಬೆನ್ನ ಹಿಂದೆ, ತುಟಿ ಕಾಣುವುದಿಲ್ಲ. ಬರೆದಿದ್ದ ಸಾಲನ್ನು ಹತ್ತಾರು ಸಲ ಹೇಳಿದೆ. ಆತನಿಗೆ ಹಿಡಿಸಲಿಲ್ಲ. ಕೊನೆಗೆ ಹೆಡ್‌ಫೋನಿನಲ್ಲಿ ಮೆಲ್ಲಗೆ ಹೇಳಿದ: "ಹಾಳೆ ಆಚೆ ಇಡು. ತುಟಿ ಹೇಗೂ ಕಾಣಲ್ಲ. ನಿನಗೆ ಏನನ್ಸುತ್ತೋ ಅದನ್ನ ಹೇಳು."

ಪರದೆಯ ಮೇಲೆ ಅವಳ ಬೆನ್ನು. ನಾನು ಗಾಜಿನತ್ತ ತಿರುಗಿದೆ.

"ನೀವು ಬಾಗಿಲು ತಳ್ಕೊಂಡು ಬಂದ್ರಲ್ಲ, ಅವತ್ತಿಂದ ನಾನು ಬಾಗಿಲು ಹಾಕೇ ಇಲ್ಲ. ಮನೆಗೆ ಹೋದ್ರೂ ಇಲ್ಲೇ ಇರ್ತೀನಿ. ನಂಗೆ ನೀವು ಬೇಕು."

ಕಿವಿಯಣ್ಣ ತಲೆ ತಗ್ಗಿಸಿದ. ಅವನಿಗೆ ಗೊತ್ತಾಗಿತ್ತು. ಡೈರೆಕ್ಟರ್ ನನ್ನನ್ನೇ ನೋಡುತ್ತ, ಕಣ್ಣು ಹೊಳೆಯಿಸುತ್ತ, ಬಟನ್ ಒತ್ತಿದ.

"ಅದ್ಭುತ. ಇದನ್ನೇ ಇಟ್ಕೊಳ್ಳಿ. ಮುಂದಿನ ಶಾಟ್."

ಕೆಲಸದ ನಡುವೆ ಏನು ಹೇಳಿಯಾನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಫಿ ಕುಡಿಯುವಾಗ ಕೈ ಹಿಡಿದ, ಆದರೆ ಆ ಮಾತಿನ ಸುದ್ದಿ ಎತ್ತಲಿಲ್ಲ. ಕೊನೆಯ ರೀಲು ಮುಗಿಯಲಿ, ಎಲ್ಲ ಹೇಳ್ತೀನಿ ಎಂದಷ್ಟೇ ಅಂದ. ನಾನು ಕೊನೆಯ ರೀಲನ್ನು ಕಾಯತೊಡಗಿದೆ, ಹಾಳು ಕೊಲೆಗಾರನಿಗಾಗಿ ಅಲ್ಲ.

ಆ ದಿನ ಹಾಳೆಗಳು ಕೈಗೆ ಬಂದವು. ಓದಿದೆ. ಮುದುಕನನ್ನು ಕೊಂದವಳು ನಾಯಕಿಯೇ. ಇನ್ಸ್‌ಪೆಕ್ಟರನ ಮೇಲಿನ ಪ್ರೀತಿ ಮೊದಲಿನಿಂದಲೂ ಬರೀ ನಾಟಕ. ಕಾರಣ ಏನೆಂದರೆ ಅವಳಿಗೆ ಗಡಿಯಾರದ ಟಿಕ್‌ಟಿಕ್ ಕೇಳಿದರೆ ತಲೆ ಕೆಡುತ್ತದಂತೆ.

ಎರಡನೇ ರೀಲಿನಲ್ಲಿ ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ಹೆದರಿ ಅಳುತ್ತಾಳಲ್ಲ, ಅಲ್ಲಿ ಯಾರೂ ಇರಲಿಲ್ಲ, ಯಾರ ಮುಂದೆ ಆ ನಾಟಕ ಎಂದು ಕೇಳಿದೆ.

"ಪ್ರೇಕ್ಷಕರ ಮುಂದೆ," ಎಂದ ಆತ, ನಗುತ್ತ.

"ಅದು ಮೋಸ ಅಲ್ವಾ?"

"ಟ್ವಿಸ್ಟ್ ಅಂದ್ರೆ ಅದೇ. ಯಾರಿಗೂ ಸುಳಿವು ಸಿಗಬಾರದು. ನಿಂಗೆ ಮೊದಲೇ ಗೊತ್ತಿದ್ದಿದ್ರೆ ನಿನ್ನ ದನಿ ಬಿಟ್ಟುಕೊಡ್ತಿತ್ತು. ನೀನು ನಿಜವಾಗಿ ನಂಬಬೇಕಿತ್ತು. ಅದಕ್ಕೆ ನಾನೂ ಸ್ವಲ್ಪ ಕಷ್ಟಪಟ್ಟೆ."

ಕಷ್ಟಪಟ್ಟೆ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಕಾಫಿ ಆರಿಸಿ ಕೊಟ್ಟದ್ದೂ ಕಷ್ಟವೇ ಎಂದು ಕೇಳಿದೆ. ಆತ ನನ್ನ ಕೆನ್ನೆ ತಟ್ಟಿ, ಎಲ್ಲದಕ್ಕೂ ಅರ್ಥ ಹುಡುಕಬೇಡ, ಒಳಗೆ ಹೋಗು, ಟೈಮ್ ಆಯ್ತು ಎಂದ. ಹೋದೆ. ಕೊಲೆಗಾತಿಯ ನಗುವನ್ನು ಒಂದೇ ಟೇಕ್‌ನಲ್ಲಿ ನಕ್ಕೆ. ಆತ ಚಪ್ಪಾಳೆ ತಟ್ಟಿದ. ರೀಲು ಮುಗಿಯಿತು. ಆತ ಹೇಳಬೇಕಾದದ್ದನ್ನು ಹೇಳದೆ, ಎಡಿಟಿಂಗ್ ಇದೆ ಎಂದು ಹೊರಟುಹೋದ. ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟ.

ಸಿನಿಮಾ ಬಂತು. ಬೇಡ ಎಂದರೂ ಅಕ್ಕ ಎಳೆದುಕೊಂಡು ಹೋದಳು. ಥಿಯೇಟರ್ ತುಂಬಿತ್ತು. ಮೊದಲ ಅರ್ಧದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಬೆನ್ನಿನ ಶಾಟ್ ಬಂದಾಗ ನನ್ನ ದನಿ ಇಡೀ ಹಾಲಿನಲ್ಲಿ ಹರಡಿತು: ನಂಗೆ ನೀವು ಬೇಕು. ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದುಕೊಂಡರು. ಅಕ್ಕ ನನ್ನ ಕೈ ಅದುಮಿ, ಇದು ನೀನೇ ಕಣೇ, ಮನೇಲಿ ಮಾತಾಡೋ ಹಾಗೇ ಇದೆ ಎಂದು ಪಿಸುಗುಟ್ಟಿದಳು.

ಕೊನೆಗೆ ಗುಟ್ಟು ಒಡೆಯಿತು. ಟಿಕ್‌ಟಿಕ್ ಕಾರಣ ಕೇಳಿದ ಕೂಡಲೇ ಒಂದು ಮೂಲೆಯಿಂದ ನಗು ಶುರುವಾಯಿತು. ಇಂಥ ಸಿನಿಮಾಗಳಲ್ಲಿ ಕೊನೆಗೆ ಹಳೆಯ ದೃಶ್ಯಗಳನ್ನೆಲ್ಲ ಮತ್ತೆ ತೋರಿಸಿ, ನೋಡಿ ಹೇಗೆ ಬೇಸ್ತು ಬೀಳಿಸಿದೆ ಎಂದು ಮೆರೆಯುತ್ತಾರೆ. ಆತನೂ ಮೆರೆದ. ಅವಳ ಬೆನ್ನು ಮತ್ತೆ ಬಂತು, ನನ್ನ ಮಾತು ಮತ್ತೆ ಬಂತು. ಅದರ ಬಾಲಕ್ಕೆ ನಾನೇ ನಕ್ಕ ಕೊಲೆಗಾತಿಯ ನಗುವನ್ನು ಅಂಟಿಸಿದ್ದ. ಇಡೀ ಹಾಲ್ ಗೊಳ್ಳೆಂದಿತು. ಯಾರೋ ಒಬ್ಬ ಹೆಣ್ಣು ದನಿ ಮಾಡಿ, ನಂಗೆ ನೀವು ಬೇಕು ಎಂದು ಅಣಕಿಸಿದ. ಪಕ್ಕದಲ್ಲಿ ಅಕ್ಕನೂ ನಕ್ಕಳು. ನಕ್ಕ ಮೇಲೆ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಸಿನಿಮಾ ಮಕಾಡೆ ಮಲಗಿತು. ವಿಮರ್ಶೆ ಬರೆದವರೆಲ್ಲ ಒಳ್ಳೆಯ ಆರಂಭ, ಕೆಟ್ಟ ಕೊನೆ ಎಂದೇ ಬರೆದರು. ನಾಯಕಿಯ ದನಿಯೊಂದನ್ನು ಮಾತ್ರ ಹೊಗಳಿದರು.

ಆಮೇಲೆ ಒಂದು ಮಧ್ಯಾಹ್ನ ಆತ ಸ್ಟುಡಿಯೋಗೆ ಬಂದ. ನಾನು ಸೋಪಿನ ಜಾಹೀರಾತಿನ ಹುಡುಗಿಗೆ ನಾಚಿಕೆ ತುಂಬುತ್ತಿದ್ದೆ. ಆತ ಈ ಸಲ ಬಾಗಿಲು ತಟ್ಟಿ ಒಳಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಸೋತಿತ್ತು. ನೋಡಿದ ಕೂಡಲೇ ನನ್ನ ಎದೆ ಕರಗಿದ್ದು ಸುಳ್ಳಲ್ಲ, ಅದಕ್ಕೆ ಮಾನ ಮರ್ಯಾದೆ ಇಲ್ಲ.

"ಮದುವೆ ಆಗೋಣ," ಎಂದ. "ಅವತ್ತು ನೀನು ಹೇಳಿದ್ದು ನಿಜ ಅಂತ ಆಗಲೇ ಗೊತ್ತಾಗಿತ್ತು. ನಿಜ ಅಂತ ಗೊತ್ತಾಗಿದ್ದಕ್ಕೇ ಅದನ್ನ ಇಟ್ಕೊಂಡೆ. ನಿನ್ನ ದನೀಲಿ ಯಾವುದು ನಿಜ, ಯಾವುದು ನಟನೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಆತನ ಆ ಕೊನೆಯ ಮಾತು ತಡೆಯಿತು. ಅಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಇವನ ಹಿಂದೆ ಹೋಗಿಬಿಡುತ್ತೇನೆ ಎಂದು ನಿಂತ ನಿಲುವಿನಲ್ಲೇ ನಿರ್ಧರಿಸಿದೆ. ಆತನನ್ನು ಗಾಜಿನ ಆಚೆ ಕೂರಿಸಿ ಹೆಡ್‌ಫೋನ್ ಹಾಕಿಕೊಳ್ಳಲು ಹೇಳಿದೆ.

"ನನ್ನ ಉತ್ತರ ಮೂರು ಟೇಕ್ ಕೊಡ್ತೀನಿ. ಒಂದು ಮಾತ್ರ ನಿಜವಾಗಿ ನಂದು. ಯಾವುದು ಅಂತ ಹೇಳಿ, ಇವತ್ತೇ ನಿಮ್ಮ ಜೊತೆ ಬರ್ತೀನಿ."

ಆತ ನಕ್ಕ. ಆಟ ಅಂದುಕೊಂಡಿರಬೇಕು. ಕಿವಿಯಣ್ಣ ನನ್ನನ್ನೇ ನೋಡಿದ.

ಮೊದಲನೆಯದರಲ್ಲಿ ಗದ್ಗದ ತುಂಬಿ, ಹೂಂ, ಬರ್ತೀನಿ ಎಂದೆ. ನಾಯಕಿಯರಿಗೆಲ್ಲ ಕೊಡುವ ಗದ್ಗದ ಅದು. ಎರಡನೆಯದರಲ್ಲಿ ಏನನ್ನೂ ತುಂಬಲಿಲ್ಲ. ದನಿ ಒಣಗಿ, ಸ್ವಲ್ಪ ಒಡೆದು, ಬರ್ತೀನಿ ಎಂಬಲ್ಲಿ ಉಸಿರು ಸಾಲದಾಯಿತು. ಅದು ನನ್ನದು. ಮೂರನೆಯದಕ್ಕೆ ನಾಚಿಕೊಂಡೆ, ಅರ್ಧ ನಗು ಬೆರೆಸಿ, ಕೊನೆಯಲ್ಲಿ ಸ್ವಲ್ಪ ಎಳೆದೆ.

ಎರಡನೆಯದು ಕೇಳಿ ಕಿವಿಯಣ್ಣ ಕಣ್ಣೊರೆಸಿಕೊಂಡಿದ್ದ. ಡೈರೆಕ್ಟರ್ ಕಣ್ಣು ಮುಚ್ಚಿ ಕೂತಿದ್ದ. ತುಂಬ ಹೊತ್ತು ಯೋಚಿಸಲೂ ಇಲ್ಲ. ಬಟನ್ ಒತ್ತಿ, ಆ ಹಳೆಯ ಮೆಲುದನಿಯಲ್ಲಿ ಹೇಳಿದ:

"ಮೂರನೇದು. ಎರಡನೇದರಲ್ಲಿ ದನಿ ಒಡೀತು, ಅದು ಸರಿ ಬರಲಿಲ್ಲ."

"ಮೂರನೇದು ಸೋಪಿನ ಹುಡುಗಿ," ಎಂದೆ. "ಬೇಕಿದ್ರೆ ಅವಳನ್ನೇ ಕೇಳಿ ನೋಡಿ."

ಆತನ ನಗು ಅರ್ಧಕ್ಕೆ ನಿಂತಿತು. ಎದ್ದು ಗಾಜಿಗೆ ಅಂಗೈ ಒತ್ತಿ ಏನೋ ಹೇಳಿದ. ಬಟನ್ ಕಿವಿಯಣ್ಣನ ಬೆರಳ ಹತ್ತಿರವೇ ಇತ್ತು, ಅವನು ಒತ್ತಲಿಲ್ಲ. ಒತ್ತುವ ಅಗತ್ಯವೂ ಇರಲಿಲ್ಲ, ತುಟಿ ಓದುವುದು ನನ್ನ ಹೊಟ್ಟೆಪಾಡು.

'ಇನ್ನೊಂದು ಟೇಕ್' ಎನ್ನುತ್ತಿದ್ದ. ನಾನು ಕೋಣೆಯ ದೀಪ ಆರಿಸಿದೆ.