ಮೂರು ಇಪ್ಪತ್ತೈದಕ್ಕೆ ತೆರೆದ ಬಾಗಿಲು

ಶಾಲಿನಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕ್ಯಾಪ್ಟನ್ ಹನುಮಂತರಾಜುವಿಗೆ ಉರಿಯುತ್ತಿದ್ದದ್ದೇ ಅದಕ್ಕೆ. ಹುಬ್ಬಳ್ಳಿಯಲ್ಲಿ ವಿಮಾನ ಇಳಿಸುವಾಗ ವೇಗ ಮಿತಿ ಮೀರಿತ್ತು. ಮತ್ತೆ ಮೇಲೇರಿ, ಸುತ್ತು ಹಾಕಿ ಬರಬೇಕೆಂಬುದು ನಿಯಮ. ಸಹಪೈಲಟ್ ಶಾಲಿನಿ ಎರಡು ಸಲ ಎಚ್ಚರಿಸಿದರೂ ಅವನು ಕಿವಿಗೆ ಹಾಕಿಕೊಳ್ಳದೆ ಇಳಿಸಿಬಿಟ್ಟ. ಅವಳು ಸುರಕ್ಷತಾ ವಿಭಾಗಕ್ಕೆ ವರದಿ ಕೊಟ್ಟಳು. ವರದಿ ಕೊಟ್ಟವರ ಮೇಲೆ ಹಗೆ ಸಾಧಿಸಬಾರದು, ಅವರಿಂದಲೇ ನಾವೆಲ್ಲ ಬದುಕಿರುವುದು ಎಂದು ಹೊಸಬರಿಗೆ ವರ್ಷಗಟ್ಟಲೆ ಪಾಠ ಮಾಡಿದ್ದವನು ಇದೇ ಹನುಮಂತರಾಜು. ಈಗ ಆ ಹೊಸಬರ ನಡುವೆ ಕೂತು ಮರುತರಬೇತಿ ಪಡೆಯುವ ಗತಿ ಅವನಿಗೇ ಬಂತು.

ಶಾಲಿನಿ ಮತ್ತೋಡಿನ ಕುರಿಗಾಹಿಯ ಮಗಳು. ನಮ್ಮ ಕಡೆಯವಳೆಂದು ಅವನೇ ಕೈಹಿಡಿದು ಕಲಿಸಿದ್ದ. ಮುಂದಿನ ತಿಂಗಳು ಅವಳಿಗೆ ಕ್ಯಾಪ್ಟನ್ ಪರೀಕ್ಷೆ ಇತ್ತು. ಅದೊಂದು ತಪ್ಪಿದರೆ ಸಾಕು.

ರಜೆ ಹಾಕಿ ಹೊಳಲ್ಕೆರೆಯ ಅಕ್ಕನ ಮನೆಗೆ ಬಂದ. ಆಕಾಶದಲ್ಲಿ ಕಾಕ್‌ಪಿಟ್ ಬಾಗಿಲನ್ನು ಹೊರಗಿನವರಿಗೆ ತೆರೆಯುವುದಕ್ಕಿಂತ ದೊಡ್ಡ ತಪ್ಪು ಅವರ ಕೆಲಸದಲ್ಲಿಲ್ಲ. ಆ ವಿಮಾನದ ಕ್ಯಾಪ್ಟನ್ ಶೌಚಕ್ಕೆ ಹೋಗಿದ್ದಾಗ ಆ ಹುಡುಗಿ ತನ್ನ ನೆಂಟನನ್ನು ಒಳಗೆ ಬಿಟ್ಟಳು ಎಂದು ಪ್ರಯಾಣಿಕನೊಬ್ಬ ದೂರಿದರೆ? ಎಲ್ಲರೂ ಅಲ್ಲಗಳೆಯುತ್ತಾರೆ, ಅಲ್ಲಗಳೆಯಲಿ. ವಿಚಾರಣೆ ಮುಗಿಯುವುದರೊಳಗೆ ಪರೀಕ್ಷೆಯ ದಿನ ದಾಟಿರುತ್ತದೆ.

ಕೈಬರಹದ ಗುರುತು ಸಿಗದಂತೆ, ಹೆಸರು ಹಾಕದ ದೂರಿನ ಪತ್ರವನ್ನು ಎಡಗೈಯಲ್ಲಿ ಬರೆದ. ಕಾಕ್‌ಪಿಟ್ ಎಂದಿದ್ದನ್ನು ಹೊಡೆದು 'ಪೈಲಟ್ ರೂಮು' ಮಾಡಿದ. ಪೈಲಟ್ ವಾಸನೆ ಬರುವ ಒಂದು ಪದವನ್ನೂ ಉಳಿಸಲಿಲ್ಲ. ಮೊಬೈಲಿನ ಡ್ಯೂಟಿ ಪಟ್ಟಿಯಲ್ಲಿ ಅವಳ ಪುಣೆ ವಿಮಾನ ಹುಡುಕಿ, ಹೊರಟ ಸಮಯಕ್ಕೆ ಇಪ್ಪತ್ತೈದು ನಿಮಿಷ ಕೂಡಿಸಿ, ಬಾಗಿಲು ತೆರೆದದ್ದು ಸರಿಯಾಗಿ 3.25ಕ್ಕೆ ಎಂದು ಸೇರಿಸಿದ. ನಿಖರವಾದ ಸಮಯವಿದ್ದರೆ ಸುಳ್ಳಿಗೂ ತೂಕ ಬರುತ್ತದೆ.

"ಏನಪ್ಪ, ಟೈಮೆಷ್ಟಾತು? ನಲ್ಲಿ ನೀರು ಬರೋ ಹೊತ್ತಾತೇನೋ" ಎಂದು ಅಕ್ಕ ಕಾಳಕ್ಕ ಅಡುಗೆಮನೆಯಿಂದ ಕೂಗಿದಳು.

ಅವನು ಕೈಗಡಿಯಾರ ನೋಡಿ, ಒಂದು ಕ್ಷಣ ತಡೆದು, "ಹತ್ತು ಗಂಟೆ ಕಣಕ್ಕ" ಎಂದ.

"ಕೈಯಾಗೆ ಗಡಿಯಾರ ಕಟ್ಕಂಡು ಅದೇನು ಲೆಕ್ಕ ಹಾಕ್ತೀಯೋ!"

ಮಾರನೆಯ ದಿನ ಸಿರಿಗೆರೆಗೆ ಹೋಗಿ, ಬಸ್ಸಿಳಿದ ವಿದ್ಯಾರ್ಥಿಗಳ ಗುಂಪಿನಲ್ಲಿ ಸೇರಿ ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ. ಯಾರೂ ತಿರುಗಿ ನೋಡಲಿಲ್ಲ.

ವಾರದಲ್ಲಿ ಶಾಲಿನಿಯ ಫೋನ್ ಬಂತು. "ಸರ್, ಹಾರಬ್ಯಾಡ ಅಂತ ಮನೆಗೆ ಕಳ್ಸ್ಯಾರೆ. ನಾನು ಬಾಗ್ಲು ತೆಗ್ದಿಲ್ಲ ಸರ್. ಅಪ್ಪ ಕುರಿ ಮಾರಿ ಓದ್ಸಿದ್ದು ನಿಮಗೆ ಗೊತ್ತೈತಲ್ಲ. ನೀವೇ ಒಂದು ಮಾತು ಹೇಳ್ರಿ."

"ಹೆದರಬ್ಯಾಡ, ನಾನಿದೀನಿ" ಎಂದ. ಫೋನಿಟ್ಟ ಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅವಳು ಅನುಮಾನಪಟ್ಟು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಂಬಿಕೊಂಡು ಬೇಡಿದಳಲ್ಲ. ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ; ಅವಳ ಪರವಾಗಿ ಸಾಕ್ಷಿಯಾದರೂ ಹೇಳೋಣ ಎಂದು ಬೆಂಗಳೂರಿನ ಕಚೇರಿಗೆ ಹೋದ. ಅವಳೂ ಉಳಿಯಲಿ, ತಾನೂ ಉಳಿಯಲಿ ಎಂಬ ಆಸೆ.

ಸುರಕ್ಷತಾ ವಿಭಾಗದ ಯಶೋಧಾ ಕೂಡ ಮೊದಲು ಪೈಲಟ್ ಆಗಿದ್ದವಳು. ಅವನ ಮಾತನ್ನೆಲ್ಲ ಕೇಳಿ, ಪತ್ರವನ್ನು ಮೇಜಿನ ಮೇಲಿಟ್ಟಳು. "ಶಾಲಿನಿ ತಪ್ಪು ಮಾಡಿಲ್ಲ ಅಂತ ನಮಗೂ ಗೊತ್ತಾಯ್ತು ಸರ್. ಆ ವಿಮಾನ ಹೊರಟಿದ್ದು ಬೆಳಗ್ಗೆ ಎಂಟೂವರೆಗೆ, ಇಳಿದಿದ್ದು ಹತ್ತಕ್ಕೆ. ಇವರು ಬಾಗಿಲು ತೆರೆದದ್ದು 3.25ಕ್ಕೆ ಅಂತಾರೆ. ಪ್ರಯಾಣಿಕರಾಗಿದ್ದರೆ ಎಂಟು ಐವತ್ತೈದು ಅಂತ ಬರೀತಿದ್ರು. ನಮ್ಮ ದೇಶದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರೋ ಗ್ರೀನಿಚ್ ಸಮಯದಲ್ಲಿ ಡ್ಯೂಟಿ ಪಟ್ಟಿ ನೋಡ್ಕೊಂಡು ಬದುಕೋರು ನಾವು ಪೈಲಟ್‌ಗಳು ಮಾತ್ರ." ಲಕೋಟೆ ತಿರುಗಿಸಿ ಸಿರಿಗೆರೆಯ ಅಂಚೆ ಮುದ್ರೆ ತೋರಿಸಿದಳು. "ಆ ವಾರ ನಿಮ್ಮ ಕಡೆ ರಜೆಗೆ ಹೋಗಿದ್ದ ಪೈಲಟ್ ಒಬ್ಬರೇ." ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡಾಗಿತ್ತು. ಹನುಮಂತರಾಜು ಅಂಗಿಯ ತೋಳನ್ನು ಮುಂದಕ್ಕೆಳೆಯುವ ಮೊದಲೇ ಅವಳು ಅವನ ಕೈಗಡಿಯಾರ ನೋಡಿಯಾಗಿತ್ತು. ಅದರಲ್ಲಿ ಆರೂವರೆ.