ಆರು ಕಂದು ಬಳೆಗಳು

"ದುಗ್ಗಕ್ಕಾ, ನಾಳೆ ಸೀಮಂತದಲ್ಲಿ ನಾನು ಕವನಾ ಹತ್ರ ಕೂರ್ಬಾರ್ದಂತೆ. ನಾನು ಅಂಥ ಕೆಲ್ಸ ಮಾಡ್ತೀನಾ?"

ಹುಂಚದ ಪುಷ್ಪಮ್ಮ ಹೊಸನಗರದ ನಮ್ಮ ಬಳೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅಂಗಡಿ ನನ್ನ ಹೆಂಡತಿ ದುಗ್ಗಮ್ಮನದು. ನಿವೃತ್ತ ಬಸ್ ಕಂಡಕ್ಟರ್ ಧರ್ಮಪ್ಪನಾದ ನನಗೆ ಅಲ್ಲಿ ಬಳೆಗಿಂತ ಬೈಗುಳವೇ ಹೆಚ್ಚು ಸಿಗುತ್ತದೆ. ಆದರೆ ಗುಟ್ಟು ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ.

ಪುಷ್ಪಮ್ಮನ ವಾರಗಿತ್ತಿ ಜಲಜಮ್ಮ. ಅವಳ ಸೊಸೆ ಕವನಾಗೆ ಈಗ ಏಳು ತಿಂಗಳು. ಶಾಸ್ತ್ರಕ್ಕೆಂದು ನಮ್ಮಲ್ಲೇ ಒಂದು ಡಜನ್ ಹಸಿರು ಬಳೆ ಒಯ್ದಿದ್ದರು. ನಿನ್ನೆ ಡಬ್ಬಿ ತೆರೆದರೆ ಆರು ಬಳೆ ಕಂದು! ಮಕ್ಕಳಿಲ್ಲದ ಪುಷ್ಪಮ್ಮನೇ ಹೊಟ್ಟೆಕಿಚ್ಚಿಗೆ ಬದಲಾಯಿಸಿದಳೆಂದು ಜಲಜಮ್ಮನ ದೂರು. ಕೇಳಿ ನನಗೆ ಮೈ ಉರಿಯಿತು.

ಮಧ್ಯಾಹ್ನದ ಬಸ್ಸಿಗೆ ಹುಂಚಕ್ಕೆ ಹೋದೆವು. ದುಗ್ಗಮ್ಮ ಬಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಹನ್ನೆರಡರದ್ದೂ ಒಂದೇ ಅಳತೆ, ಒಂದೇ ಥರದ ಚಿನ್ನದ ಚುಕ್ಕಿ.

"ಕೇಡು ಬಗೆಯೋರು ಚುಕ್ಕಿ ಹೊಂದಿಸಿ ತರ್ತಾರೇನ್ರೀ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಹಿತ್ತಲ ಕಸದ ಗುಂಡಿಯಲ್ಲಿ ಪೇಪರಿನಲ್ಲಿ ಸುತ್ತಿದ ಹಸಿರು ಗಾಜಿನ ಚೂರು ಸಿಕ್ಕವು. ಅವಳು ಕವನಾಳ ಗಂಡನನ್ನು ಕರೆದಳು. "ನಿರಂಜನಾ, ದೃಷ್ಟಿ ತೆಗೀಬೇಕು. ಗಿಡದಿಂದ ಹಣ್ಣು ಮೆಣಸಿನಕಾಯಿ ಕಿತ್ಕೊಂಡ್ ಬಾ."

ಅವನು ಒಂದೊಂದೇ ಕಾಯಿ ಹಿಚುಕಿ ನೋಡಿ ಏಳು ತಂದ. ನಾಲ್ಕು ಹಸಿರು. ನಾನು ನಕ್ಕೆ, ದುಗ್ಗಮ್ಮ ನಗಲಿಲ್ಲ. ಎಲ್ಲರನ್ನೂ ಜಗುಲಿಯಲ್ಲಿ ಕೂರಿಸಿದಳು.

"ಬಳೆ ಒಡೆದದ್ದು ನೀನೇ ಅಲ್ವೇನೋ?"

ನಿರಂಜನ ತಲೆ ತಗ್ಗಿಸಿದ. "ಕೈ ಜಾರಿ ಬಿತ್ತು. ಕವನಾ ನೊಂದ್ಕೊಳ್ತಾಳೆ ಅಂತ ತೀರ್ಥಹಳ್ಳಿಯಿಂದ ಅಂಥವೇ ತಂದಿಟ್ಟೆ. ಅವೂ ಹಸಿರೇ ಅಂದ್ಕೊಂಡಿದ್ದೆ. ನಿನ್ನೆ ಕಂದು ಅಂದಾಗ, ನಾನು ತಂದದ್ದನ್ನೂ ಯಾರೋ ಬದಲಾಯಿಸಿದ್ರೇನೋ ಅಂತ ಸುಮ್ಮನಾದೆ."

"ಇವನಿಗೆ ಕೆಂಪು, ಹಸಿರು, ಕಂದು ಬೇರೆಬೇರೆ ಅಂತ ತಿಳಿಯಲ್ಲ," ಎಂದಳು ದುಗ್ಗಮ್ಮ. "ಅದಕ್ಕೇ ಅಳತೆ, ಚುಕ್ಕಿ ನೋಡಿ ಬಳೆ ತಂದ, ಹಿಚುಕಿ ನೋಡಿ ಕಾಯಿ ಕಿತ್ತ. ಬಳೆ ಕೊಳ್ಳೋಕೆ ಬಂದು ಹೀಗೆ ಒದ್ದಾಡೋ ಗಂಡಸರನ್ನ ಬೇಕಾದಷ್ಟು ಕಂಡಿದೀನಿ. ಹುಟ್ಟಿನಿಂದ ಬರೋದು, ಹೆಚ್ಚಾಗಿ ತಾಯಿ ಕಡೆಯಿಂದ. ತಾಯಿಗೆ ಮಾತ್ರ ಎಲ್ಲ ಬಣ್ಣ ಕಾಣ್ತದೆ. ಜಲಜಾ, ನಿಮ್ಮಪ್ಪ ಹೇಗಿದ್ರು?"

ಜಲಜಮ್ಮನ ಮುಖ ಬಾಡಿತು. "ಹಣ್ಣು ಕೊಯ್ಯೋಕೆ ನನ್ನನ್ನೇ ಕರೀತಿದ್ರು. ಸೋಮಾರಿ ಅಂತ ಬೈತಿದ್ದೆ."

"ಯಾರ ತಪ್ಪೂ ಅಲ್ಲ. ಇದಕ್ಕೆ ಮದ್ದಿಲ್ಲ. ಬಣ್ಣ ಕೇಳಿದ್ರೆ ಹೇಳಿ, ನಗಬೇಡಿ." ಕೊನೆಯ ಮಾತಿಗೆ ನನ್ನ ಕಡೆ ನೋಡಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಹಾಗಾದ್ರೆ ನನ್ನ ಹಸಿರು ಸೀರೆ ನಿಮಗೆ ಹೇಗೆ ಕಾಣ್ತದೆ?" ಎಂದಳು ಕವನಾ.

"ಬಣ್ಣ ಗೊತ್ತಿಲ್ಲ ಮಾರಾಯ್ತಿ. ನೀನು ಉಟ್ರೆ ಚೆಂದ, ಅಷ್ಟು ಗೊತ್ತು," ಎಂದ ನಿರಂಜನ.

ಜಲಜಮ್ಮ ಎದ್ದು ಬಂದು ವಾರಗಿತ್ತಿಯ ಮುಂದೆ ನಿಂತಳು. "ಪುಷ್ಪಾ, ನಾಳೆ ಮೊದಲ ಬಳೆ ನೀನೇ ತೊಡಿಸ್ಬೇಕು."

"ನಿನ್ನೆಯೇ ನನ್ನನ್ನ ನಂಬಬೇಕಿತ್ತು ಅಕ್ಕಾ," ಎಂದಳು ಪುಷ್ಪಮ್ಮ. ಹಾಗೆನ್ನುವಾಗಲೇ ಕವನಾ ಅವಳ ಮಡಿಲಲ್ಲಿ ಎರಡೂ ಕೈ ಇಟ್ಟಿದ್ದಳು. ಪುಷ್ಪಮ್ಮ ಆ ಕೈಗಳನ್ನು ಬಿಡಲಿಲ್ಲ.